ಹಳೇ ಬಾಹ್ಯಾಕಾಶ ಸ್ಟಾಂಪು ಲಕೋಟೆಯಿಂದ ಬಿಡಿಸೋದು ಹೇಗೆ?

ಚಳ್ಳಕೆರೆ ಹತ್ರ ಇಸ್ರೋದವ್ರು ಪುಷ್ಪಕ್ ಅನ್ನೋ ರೆಕ್ಕೆ ಇರೋ ಮರುಬಳಕೆ ವಾಹನ ಇಳಿಸಿದ ಮೇಲೆ ನಮ್ಮ ಕಡೆ ಹುಡುಗರಿಗೆ ಬಾಹ್ಯಾಕಾಶ ಸ್ಟಾಂಪು ಕೂಡಿಡೋ ಗೀಳು ಜಾಸ್ತಿ ಆಗಿದೆ. ಒಬ್ಬ ಹುಡುಗ ಅಜ್ಜನ ಟ್ರಂಕಿಂದ ಲಕೋಟೆ ತಂದಿದ್ದ, ಮೇಲೆ 1975ರ ಆರ್ಯಭಟ ಉಪಗ್ರಹದ ಸ್ಟಾಂಪು, 25 ಪೈಸೆದು. ಬೇಡ ಅನ್ನೋಷ್ಟರಲ್ಲಿ ಉಗುರು ಹಾಕಿ ಚರ್ ಅಂತ ಎಳೆದ, ಅರ್ಧ ಸ್ಟಾಂಪು ಲಕೋಟೆಲೇ ಉಳೀತು.

ಮೊದಲು ಬಿಡಿಸ್ಬೇಕಾ ಅಂತ ನೋಡ್ರಿ. ಫಸ್ಟ್ ಡೇ ಕವರ್ (ಸ್ಟಾಂಪು ಬಿಡುಗಡೆ ಆದ ದಿನದ ಮುದ್ರೆ ಇರೋ ಲಕೋಟೆ) ಆದ್ರೆ ಮುಟ್ಲೇಬೇಡ್ರಿ, ಹಾಗೇ ಇಡ್ರಿ. ಬಳಸದೇ ಇರೋ ಸ್ಟಾಂಪಿಗೆ ಹಿಂದಿನ ಗೋಂದೇ ಬೆಲೆ, ನೀರು ಸೋಕಿಸ್ಬೇಡ್ರಿ. ಭೂತಾನಿನ ಪ್ಲಾಸ್ಟಿಕ್ ಗಗನಯಾತ್ರಿ ಸ್ಟಾಂಪು ಇದ್ರೆ ಅದಕ್ಕೂ ನೀರು ಬೇಡ.

ಸ್ಟಾಂಪಿನ ಸುತ್ತ ಒಂದು ಬೆರಳು ಜಾಗ ಬಿಟ್ಟು ಲಕೋಟೆ ಕತ್ತರಿಸ್ರಿ.

ಈಗ ನೆನೆಸೋದು, ಎಲ್ರೂ ಕೆಡಿಸೋದು ಇಲ್ಲೇ. ಅಗಲ ತಟ್ಟೇಲಿ ತಣ್ಣೀರು ಹಾಕಿ, ಸ್ಟಾಂಪಿನ ಮುಖ ಮೇಲೆ ಮಾಡಿ ತೇಲಿಬಿಡ್ರಿ, ಬಿಸಿನೀರು ಹಾಕಿದ್ರೆ ಬೇಗ ಬಿಡುತ್ತೆ ಅಂತಾರೆ, ಬಣ್ಣಾನೂ ಬಿಡುತ್ತೆ ಅನ್ನೋದು ಯಾರೂ ಹೇಳಲ್ಲ. ಕೆಂಪು, ಹಸಿರು ಲಕೋಟೆ ತುಂಡನ್ನ ಬೇರೆ ತಟ್ಟೇಲೇ ಹಾಕ್ರಿ, ಇಲ್ಲಾಂದ್ರೆ 1969ರ ಸ್ಟಾಂಪಿನಲ್ಲಿರೋ ಚಂದ್ರನ ಮೇಲಿನ ಮನುಷ್ಯ ಗುಲಾಬಿ ಬಣ್ಣಕ್ಕೆ ತಿರುಗ್ತಾನೆ. ಕಾಲು ಗಂಟೆ ಕಾಯ್ರಿ, ಸ್ಟಾಂಪು ತಾನೇ ಜಾರಬೇಕು. ಜಾರ್ಲಿಲ್ವಾ, ಇನ್ನೂ ಹತ್ತು ನಿಮಿಷ ಬಿಡ್ರಿ. ಆಮೇಲೂ ಅಂಟಿದ್ರೆ ಸ್ಟಾಂಪನ್ನ ಮುಖ ಕೆಳಗೆ ಮಾಡಿ ಒತ್ತಿಹಿಡಿದು ಲಕೋಟೆ ಕಾಗದ ಸುಲೀರಿ, ಕಾಗದದಿಂದ ಸ್ಟಾಂಪು ಎಳೀಬೇಡ್ರಿ, ಒದ್ದೆ ಸ್ಟಾಂಪು ನೆನೆದ ಹಪ್ಪಳ ಇದ್ದಂಗೆ. ಬಿಟ್ಟ ಮೇಲೆ ಹಿಂಬದಿ ಬೆರಳಲ್ಲಿ ಮೆಲ್ಲಗೆ ಸವರಿ ನೋಡ್ರಿ, ಜಾರು ಜಾರು ಅನಿಸಿದ್ರೆ ಗೋಂದು ಇನ್ನೂ ಇದೆ, ಹೊಸ ನೀರಲ್ಲಿ ಇನ್ನೊಂದು ಸಲ ಅದ್ದಿ. ಇತ್ತೀಚಿನ ಸ್ಟಿಕರ್ ಥರದ್ದು ಎಷ್ಟೋ ಸಲ ನೀರಿಗೆ ಬಿಡಲ್ಲ, ಕಾಗದ ಸಮೇತ ಇಟ್ಕೊಳ್ರಿ.

ಒಣಗಿಸೋಕೆ ಮುಖ ಕೆಳಗೆ ಮಾಡಿ ಬಿಳಿ ಕಾಗದದ ಮೇಲೆ ಹಾಕ್ರಿ, ನ್ಯೂಸ್ ಪೇಪರಿನ ಮೇಲೆ ಬೇಡ, ಶಾಯಿ ಹತ್ತುತ್ತೆ. ನಮ್ಮೂರ ಬಿಸಿಲಿಗೆ ಇಟ್ರೆ ಸುರುಳಿ ಸುತ್ಕೊಳ್ಳುತ್ತೆ, ನೆರಳೇ ಸರಿ. ಆಮೇಲೆ ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ.

ಆಲ್ಬಮ್ಮಿಗೆ ಫೆವಿಕಾಲು, ಸೆಲ್ಲೋಟೇಪು ಹಚ್ಚೋರನ್ನ ನೋಡಿದ್ರೆ ಮೈ ಉರಿಯುತ್ತೆ. ಹಿಂಜ್ (ಸ್ಟಾಂಪು ಅಂಟಿಸೋಕಂತಲೇ ಇರೋ ಗೋಂದಿನ ಚಿಕ್ಕ ಕಾಗದ) ಹಾಕ್ರಿ, ಇಲ್ಲಾ ಸ್ಟಾಕ್ ಬುಕ್ (ಅಂಟಿಸದೇ ಪಟ್ಟಿಯೊಳಗೆ ಸಿಕ್ಕಿಸೋ ಪುಸ್ತಕ) ತಗೊಳ್ರಿ. ಅಗ್ಗದ ಪಿವಿಸಿ ಪ್ಲಾಸ್ಟಿಕ್ ಹಾಳೆ ಬೇಡ, ಸೆಕೆಗೆ ಸ್ಟಾಂಪು ಅದಕ್ಕೇ ಅಂಟ್ಕೊಳ್ಳುತ್ತೆ. ಮೊದಲು ಕೈ ಪಳಗಿಸ್ಕೊಳ್ಳೋಕೆ ಮಾಮೂಲಿ ಸ್ಟಾಂಪು ನಾಲ್ಕು ನೆನೆಸಿ ನೋಡ್ರಿ, ಆರ್ಯಭಟ ಆಮೇಲೆ.