ಎಟ್ನಾ ಬೆಟ್ಟಕ್ಕೆ ಮುಂಚೆಯೇ ದಿನ ಗೊತ್ತು ಮಾಡಬೇಡಿ

ಇಟಲಿಯ ಸಿಸಿಲಿ ದ್ವೀಪಕ್ಕೆ ಅಮ್ಮನನ್ನು ಕರೆದುಕೊಂಡು ಹೋದಾಗ ನಾನು ಮಾಡಿದ ದೊಡ್ಡ ತಪ್ಪು ಒಂದೇ. ಅಲ್ಲಿನ ಜ್ವಾಲಾಮುಖಿ ಬೆಟ್ಟ ಎಟ್ನಾದ ಪ್ರವಾಸಕ್ಕೆ ಒಂದು ತಿಂಗಳು ಮೊದಲೇ ದುಡ್ಡು ಕಟ್ಟಿಬಿಟ್ಟಿದ್ದೆ. ಆ ದಿನ ಬೆಳಗ್ಗೆ ನೋಡಿದರೆ ಬೆಟ್ಟವೇ ಇಲ್ಲ! 3,300 ಮೀಟರಿಗಿಂತ ಎತ್ತರದ ಬೆಟ್ಟವನ್ನು ಮೋಡ ಪೂರ್ತಿ ನುಂಗಿತ್ತು. ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ.

ನಾವು ಉಳಿದುಕೊಂಡಿದ್ದು ಬೆಟ್ಟದ ಬುಡದಲ್ಲೇ, ಸಮುದ್ರದ ದಡದಲ್ಲಿರುವ ಕಟಾನಿಯಾದಲ್ಲಿ. ಐದು ರಾತ್ರಿ. ಮನೆಯ ಒಡತಿ ನನ್ನ ಪೆಚ್ಚು ಮುಖ ನೋಡಿ, ನಾಳೆಯಿಂದ ಬೆಳಗ್ಗೆ ಆರಕ್ಕೆ ಎದ್ದು ಕಿಟಕಿ ತೆಗೆದು ನೋಡಿ, ಬೆಟ್ಟ ಕಂಡರೆ ಹೊರಡಿ, ಇಲ್ಲದಿದ್ದರೆ ಸಮುದ್ರದ ಕಡೆ ಹೋಗಿ ಅಂದರು. ಅಲ್ಲಿಯವರು ಎಟ್ನಾಗೆ ಹೆಸರು ಹಿಡಿದು ಕರೆಯುವುದೇ ಕಡಿಮೆ. ‘ಮುಂತಾನ್ಯ’ ಅನ್ನುತ್ತಾರೆ, ಬೆಟ್ಟ ಅಂತ ಅಷ್ಟೇ. ಒಡತಿಯ ಮಾತು ಕೇಳಿದ್ದರಿಂದಲೇ ನಮ್ಮ ಪ್ರವಾಸ ಸರಿಹೋಯಿತು.

ಮೋಡದ ದಿನ ಊರು ಸುತ್ತಿದೆವು. ಇಲ್ಲಿ ರಸ್ತೆ, ಗೋಡೆ, ಮೆಟ್ಟಿಲು ಎಲ್ಲ ಕಪ್ಪು. ಎಲ್ಲವೂ ಲಾವಾ ಕಲ್ಲು, ಅಂದರೆ ಜ್ವಾಲಾಮುಖಿಯಿಂದ ಕರಗಿ ಹರಿದು ಆರಿದ ಕಲ್ಲು. 1693ರ ಭೂಕಂಪದಲ್ಲಿ ನೆಲಸಮವಾದ ಊರನ್ನು ಇದೇ ಕಲ್ಲಿನಲ್ಲಿ ಮತ್ತೆ ಕಟ್ಟಿದರು. ದೊಡ್ಡ ಚೌಕದ ಕಾರಂಜಿಯ ಮೇಲೆ ನಿಂತ ಆನೆ ಕೂಡ ಲಾವಾ ಕಲ್ಲಿನದೇ. ಆನೆ ಕಂಡು ಅಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ, ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಉರ್ಸಿನೊ ಕೋಟೆ. 13ನೇ ಶತಮಾನದಲ್ಲಿ ಕಟ್ಟಿದಾಗ ಅದು ಸಮುದ್ರದ ಅಂಚಿನಲ್ಲೇ ಇತ್ತು. 1669ರಲ್ಲಿ ಬೆಟ್ಟದ ಪಕ್ಕೆ ಸೀಳಿ ಬಂದ ಲಾವಾ ಕೋಟೆಯನ್ನು ಸುತ್ತುವರಿದು, ಕಂದಕ ತುಂಬಿ, ಮುಂದೆ ಹೋಗಿ ಸಮುದ್ರಕ್ಕೆ ಬಿತ್ತು. ಕೋಟೆ ಉಳಿಯಿತು, ಸಮುದ್ರವೇ ದೂರ ಹೋಯಿತು. ಈಗ ಕೋಟೆಯಿಂದ ನೀರಿನ ತನಕ ಊರೊಳಗೆ ನಡೆಯಬೇಕು. ನಾವು ನಡೆದೆವು. ಕಾಲ ಕೆಳಗಿದ್ದದ್ದು ಅದೇ ಲಾವಾ ಅಲ್ವಾ, ಅಂತ ಅಮ್ಮ ಎರಡು ಸಲ ಕೇಳಿದರು.

ಮರುದಿನವೂ ಬೆಟ್ಟ ಕಾಣಲಿಲ್ಲ. ಊರ ಬಸ್ಸು ಹತ್ತಿ ಉತ್ತರದ ಕಡೆ ಆಚಿ ಕಾಸ್ತೆಲ್ಲೊ, ಆಚಿತ್ರೆಝಾ ಎಂಬ ಮೀನುಗಾರರ ಊರುಗಳಿಗೆ ಹೋದೆವು. ಆಚಿತ್ರೆಝಾದ ದಡದ ಮುಂದೆ ನೀರಿನಿಂದ ಕರಿ ಬಂಡೆಗಳು ನೆಟ್ಟಗೆ ಎದ್ದಿವೆ. ಗ್ರೀಕ್ ಪುರಾಣದ ಒಂಟಿಕಣ್ಣಿನ ರಾಕ್ಷಸ ಪೊಲಿಫೆಮಸ್, ತಪ್ಪಿಸಿಕೊಂಡು ಹೋಗುತ್ತಿದ್ದ ವೀರ ಒಡಿಸ್ಸಿಯಸ್‌ನ ಹಡಗಿನತ್ತ ಎಸೆದ ಬಂಡೆಗಳಿವು ಅಂತ ಕಥೆ. ನಿಜದಲ್ಲಿ ಇವು ಎಟ್ನಾದ ತೀರಾ ಹಳೆಯ ಕಲ್ಲುಗಳು, ಸುಮಾರು 5 ಲಕ್ಷ ವರ್ಷದವು. ಹತ್ತಿರದಿಂದ ನೋಡಿದರೆ ಬಂಡೆ ತುಂಬಾ ಕಂಬ ಕಂಬ.

“ಇದು ನಮ್ಮ ಮಲ್ಪೆ ದ್ವೀಪದ ಕಲ್ಲಿನ ಹಾಗೇ ಉಂಟಲ್ಲ ಮಾರಾಯ್ತಿ” ಅಂದರು ಅಮ್ಮ. ಉಡುಪಿಯವರಿಗೆ ಬೇರೆ ಏನು ನೆನಪಾಗಬೇಕು! ಅವರು ಹೇಳಿದ್ದು ಸರಿಯೇ. ಬಿಸಿ ಲಾವಾ ನಿಧಾನ ಆರುವಾಗ ಕುಗ್ಗಿ ಬಿರುಕು ಬಿಡುತ್ತದೆ, ಆ ಬಿರುಕುಗಳೇ ಕಂಬಗಳ ಆಕಾರ ಕೊಡುತ್ತವೆ. ಎರಡೂ ಕಡೆ ಅದೇ ನಡೆದದ್ದು. ಅಮ್ಮ ಹೇಳಿದ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲಿಗೆ ಸುಮಾರು 8.8 ಕೋಟಿ ವರ್ಷ. ಅಲ್ಲಿ ಬೆಂಕಿ ಎಂದೋ ಆರಿದೆ, ಇಲ್ಲಿ ಇನ್ನೂ ಉರಿಯುತ್ತಿದೆ. ಚಿಕ್ಕಂದಿನಿಂದ ನೋಡಿದ ಕಲ್ಲು ನನಗೆ ಅರ್ಥವಾದದ್ದು ಆಚಿತ್ರೆಝಾದಲ್ಲಿ.

ನಾಲ್ಕನೇ ಬೆಳಗ್ಗೆ ಕಿಟಕಿ ತೆಗೆದರೆ ಇಡೀ ಬೆಟ್ಟ, ನೆತ್ತಿಯಲ್ಲಿ ಬಿಳಿ ಹೊಗೆ. ರೈಲು ನಿಲ್ದಾಣದ ಮುಂದಿನಿಂದ ಬೆಳಗ್ಗೆ ಹೋಗುವ ಬಸ್ಸು ಒಂದೇ, ಸಂಜೆ ಅದೇ ವಾಪಸ್. ಸಮಯವನ್ನು ಹಿಂದಿನ ದಿನವೇ ಕೇಳಿ ಇಟ್ಟುಕೊಳ್ಳಿ. ಬಸ್ಸು ನಿಲ್ಲುವ ರಿಫುಜಿಯೊ ಸಪಿಯೆಂಝಾ ಸುಮಾರು 1,900 ಮೀಟರ್ ಎತ್ತರದಲ್ಲಿದೆ. ಕೆಳಗೆ ಸೆಕೆ, ಮೇಲೆ ಕೊರೆಯುವ ಗಾಳಿ. ಸ್ವೆಟರ್, ಗಟ್ಟಿ ಶೂ ಬೇಕೇ ಬೇಕು. ಅಲ್ಲಿಂದ ಕೇಬಲ್ ಕಾರ್ 2,500 ಮೀಟರ್ ತನಕ ಹೋಗುತ್ತದೆ. ಟಿಕೆಟ್ ದುಬಾರಿ. ಅಮ್ಮನಿಗೆ ಮಂಡಿನೋವು ಇದ್ದದ್ದರಿಂದ ನಾವು ಹತ್ತಲಿಲ್ಲ. ಪಕ್ಕದಲ್ಲೇ 1892ರಲ್ಲಿ ಹುಟ್ಟಿದ, ಸಿಲ್ವೆಸ್ತ್ರಿ ಎಂಬ ಜ್ವಾಲಾಮುಖಿಯ ಬಾಯಿಗಳಿವೆ. ಕೆಳಗಿನ ಬಾಯಿಯ ಅಂಚಿನಲ್ಲಿ ನಿಧಾನಕ್ಕೆ ಒಂದು ಸುತ್ತು ಹಾಕಿದೆವು. ಕೆಂಪು ಮಣ್ಣು, ಕರಿ ಹರಳು, ನಡುವೆ ಹಳದಿ ಹೂವಿನ ಸಣ್ಣ ಪೊದೆ. ದೂರದಲ್ಲಿ ಎರಡು ದಿನ ನಾವು ಸುತ್ತಿದ ಕರಾವಳಿ ಪೂರ್ತಿ ಕಾಣುತ್ತಿತ್ತು. ನನಗೆ ಅಷ್ಟು ಸಾಕಾಯಿತು. ನೆತ್ತಿಗೆ ಹೋಗುವ ಆಸೆ ಇದ್ದರೆ ಅನುಮತಿ ಇರುವ ಗೈಡ್ ಜೊತೆಗೇ ಹೋಗಿ. ಬೆಟ್ಟ ಚುರುಕಾದರೆ ಎಷ್ಟು ಎತ್ತರ ಹೋಗಬಹುದು ಅನ್ನುವ ನಿಯಮ ಬದಲಾಗುತ್ತದೆ, ಅದನ್ನು ಮೀರಬೇಡಿ. ಮಧ್ಯಾಹ್ನದ ಹೊತ್ತಿಗೆ ಮೋಡ ಮತ್ತೆ ಮುಚ್ಚಿತು.

ಐದನೇ ದಿನ ರೈಲಿನಲ್ಲಿ ತಾವೊರ್ಮಿನಾಗೆ. ಗ್ರೀಕರ ಕಾಲದ ಬಯಲು ರಂಗಮಂದಿರದ ಹಿಂದೆ ಎಟ್ನಾ, ಕೆಳಗೆ ಸಮುದ್ರ. ಚಂದವೇ, ಆದರೆ ಜನ ತುಂಬಾ ಜಾಸ್ತಿ. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ.

ಸಸ್ಯಾಹಾರಿಗಳಿಗೆ ಊಟದ ಚಿಂತೆ ಬೇಡ. ಬದನೆಕಾಯಿ, ಟೊಮೆಟೊ ಹಾಕಿದ ಪಾಸ್ತಾ ಅಲ್ಲಾ ನೋರ್ಮಾ ಕಟಾನಿಯಾದ್ದೇ. ಬೆಳಗ್ಗೆ ಬಾದಾಮಿಯ ಗ್ರಾನಿತಾ (ಪುಡಿ ಐಸಿನಂಥ ತಣ್ಣನೆಯ ಸಿಹಿ) ತಿನ್ನಿ, ಜೊತೆಗೆ ಕೊಡುವ ಬನ್ನಿನಲ್ಲಿ ಮೊಟ್ಟೆ ಇರುತ್ತದೆ. ಹಿಂದೆ ಗ್ರಾನಿತಾಗೆ ಎಟ್ನಾದ ಹಿಮವನ್ನೇ ಹೊತ್ತು ತರುತ್ತಿದ್ದರಂತೆ.

ಹೊರಡುವ ಹಿಂದಿನ ರಾತ್ರಿ ಎಟ್ನಾದ ಬೂದಿ ಬಿತ್ತು. ಒಲೆಯ ಬೂದಿಯ ಹಾಗೆ ಹಗುರ ಅಲ್ಲ, ಕರಿ ಮರಳು. ಛಾವಣಿಯ ಮೇಲೆ ಮಳೆಯ ಹಾಗೆ ಸದ್ದು. ಇಂಥ ದಿನ ರಸ್ತೆ ಜಾರುತ್ತದೆ, ಕಾಂಟ್ಯಾಕ್ಟ್ ಲೆನ್ಸ್ ಬದಲು ಕನ್ನಡಕವೇ ವಾಸಿ. ವಿಮಾನಗಳೂ ನಿಲ್ಲಬಹುದು. ನಮ್ಮ ವಿಮಾನ ಮರುದಿನಕ್ಕೆ ಹೋಯಿತು. ಮುಂದಿನ ಟಿಕೆಟ್‌ಗೆ ಒಂದು ದಿನ ಬಿಡುವು ಇಟ್ಟಿದ್ದರಿಂದ ತೊಂದರೆ ಆಗಲಿಲ್ಲ. ಬೆಳಗ್ಗೆ ನಾನು ಎದ್ದಾಗ ಅಮ್ಮ ಒಂದು ಕಸಬರಿಕೆ, ಒಡತಿ ಇನ್ನೊಂದು ಹಿಡಿದು ಬಾಲ್ಕನಿ ಗುಡಿಸುತ್ತಿದ್ದರು. ಒಬ್ಬರು ಕನ್ನಡ, ಇನ್ನೊಬ್ಬರು ಇಟಾಲಿಯನ್. ಬೂದಿಯಲ್ಲಿ ಒಂದು ಹಿಡಿ ತೆಗೆದು ಒಡತಿ ತುಳಸಿಯಂಥ ಬೆಸಿಲ್ ಗಿಡದ ಬುಡಕ್ಕೆ ಹಾಕಿದರು.