ಇಂಟಿಗ್ರೇಷನ್ ಟೆಸ್ಟ್‌ಗಳಿಗೆ ಕಾಫ್ಕಾ ಬ್ರೋಕರ್ ಸೇರಿಸುವ ಬಗೆ

ಆರ್ಡರ್ ಸೇವೆಯೊಂದು ‘ಆರ್ಡರ್ ದಾಖಲಾಯಿತು’ ಎಂಬ ಸಂದೇಶವನ್ನು ಸೇವೆಗಳ ನಡುವೆ ಸಂದೇಶ ಸಾಗಿಸುವ ಕಾಫ್ಕಾದ ಟಾಪಿಕ್‌ಗೆ (ಹೆಸರಿಟ್ಟ ಸಂದೇಶಗಳ ಸಾಲಿಗೆ) ಬರೆಯುತ್ತದೆ, ದಾಸ್ತಾನು ಸೇವೆ ಅದನ್ನು ಓದಿ ಡೇಟಾಬೇಸ್‌ನಲ್ಲಿ ಸರಕಿನ ಲೆಕ್ಕವನ್ನು ತಗ್ಗಿಸುತ್ತದೆ ಎಂದಿಟ್ಟುಕೊಳ್ಳೋಣ. ಸಂದೇಶಗಳನ್ನು ಪಡೆದು ಇಟ್ಟುಕೊಂಡು ಕೊಡುವ ಕಾಫ್ಕಾ ಸರ್ವರ್ ಆದ ಬ್ರೋಕರ್‌ನ ಜಾಗದಲ್ಲಿ ಮಾಕ್ (ಅದರಂತೆ ನಟಿಸುವ ನಕಲಿ ಕೋಡ್) ಇಟ್ಟು ಬರೆದ ಟೆಸ್ಟ್‌ಗಳಲ್ಲಿ ಸಂದೇಶವು ಬೈಟ್‌ಗಳಾಗಿ ಮಾರ್ಪಡುವುದೇ ಇಲ್ಲ, ಟಾಪಿಕ್‌ನ ಭಾಗವಾದ ಪಾರ್ಟಿಷನ್‌ಗೆ ಹೋಗುವುದಿಲ್ಲ, ಎಲ್ಲಿಯವರೆಗೆ ಓದಿದೆ ಎಂಬ ಗುರುತಾದ ಆಫ್‌ಸೆಟ್ ಕಮಿಟ್ (ದಾಖಲು) ಆಗುವುದಿಲ್ಲ. ಆದ್ದರಿಂದ ಈ ಮೂರು ಕಡೆಗಳಲ್ಲಿ ಹುಟ್ಟುವ ದೋಷಗಳು ನೇರವಾಗಿ ಪ್ರೊಡಕ್ಷನ್‌ನಲ್ಲಿಯೇ (ನಿಜ ಬಳಕೆಯಲ್ಲಿಯೇ) ಕಾಣಿಸಿಕೊಳ್ಳುತ್ತವೆ. ಸೇವೆಗಳು ಒಟ್ಟಾಗಿ ಕೆಲಸ ಮಾಡುವುದನ್ನು ಪರೀಕ್ಷಿಸುವ ಇಂಟಿಗ್ರೇಷನ್ ಟೆಸ್ಟ್‌ಗಾಗಿ ನಿಜವಾದ ಬ್ರೋಕರನ್ನೇ ಓಡಿಸುವುದು ಇದಕ್ಕೆ ಪರಿಹಾರ.

ಜಾವಾ ಯೋಜನೆಗಳಲ್ಲಿ ಟೆಸ್ಟ್‌ಕಂಟೇನರ್ಸ್ ಲೈಬ್ರರಿಯ ಕಾಫ್ಕಾ ಮಾಡ್ಯೂಲ್ ಈ ಕೆಲಸವನ್ನು ಸುಲಭಗೊಳಿಸುತ್ತದೆ. ಟೆಸ್ಟ್ ಆರಂಭವಾಗುವಾಗ ಅದು ಡಾಕರ್ ಕಂಟೇನರ್ (ಪ್ರೋಗ್ರಾಂ ಪ್ರತ್ಯೇಕವಾಗಿ ಓಡುವ ಆವರಣ) ಒಂದನ್ನು ಎಬ್ಬಿಸಿ, ಮುಗಿದ ಮೇಲೆ ತಾನೇ ತೆಗೆದುಹಾಕುತ್ತದೆ. ಕಂಟೇನರ್‌ಗೆ ಅಚ್ಚಾದ ಇಮೇಜ್‌ನ ಟ್ಯಾಗ್ ‘ಲೇಟೆಸ್ಟ್’ ಆಗಿರದೆ ಪ್ರೊಡಕ್ಷನ್‌ನಲ್ಲಿರುವ ಆವೃತ್ತಿಯೇ ಆಗಿರಬೇಕು. 2025ರಲ್ಲಿ ಬಂದ ಕಾಫ್ಕಾ 4.0ರಿಂದ, ಹಿಂದೆ ಬ್ರೋಕರ್‌ಗಳನ್ನು ಸಮನ್ವಯಗೊಳಿಸುತ್ತಿದ್ದ ಜೂಕೀಪರ್ ಸಂಪೂರ್ಣವಾಗಿ ಕೈಬಿಟ್ಟುಹೋಗಿರುವುದರಿಂದ, ಅದಕ್ಕೊಂದು ಪ್ರತ್ಯೇಕ ಕಂಟೇನರ್ ಬೇಕೆನ್ನುವ ಹಳೆಯ ಸೂಚನೆಗಳು ಹೊಸ ಆವೃತ್ತಿಗಳಿಗೆ ಅನ್ವಯಿಸುವುದಿಲ್ಲ. ಪ್ರತಿ ಟೆಸ್ಟ್ ಕ್ಲಾಸ್‌ಗೂ ಹೊಸ ಬ್ರೋಕರ್ ಎಬ್ಬಿಸುವ ಅಗತ್ಯವಿಲ್ಲ. ಇಡೀ ಸೂಟ್‌ಗೆ ಒಂದೇ ಸಾಕು.

ಕಂಟೇನರ್‌ನ ಒಳಗಿನ ಪೋರ್ಟ್ 9092 ಆಗಿದ್ದರೂ ಹೊರಗೆ ಸಿಗುವ ಪೋರ್ಟ್ ಪ್ರತಿ ಬಾರಿಯೂ ಬೇರೆಯಾಗಿರುತ್ತದೆ. ಹಾಗಾಗಿ ವಿಳಾಸವನ್ನು ಕಾನ್ಫಿಗರೇಷನ್ ಫೈಲ್‌ನಲ್ಲಿ ಬರೆದಿಡದೆ, ಬ್ರೋಕರ್ ಎದ್ದ ಮೇಲೆ ಲೈಬ್ರರಿಯಿಂದ ಕೇಳಿ ಪಡೆದು ಅಪ್ಲಿಕೇಷನ್‌ಗೆ ಕೊಡಬೇಕು. ಸ್ಪ್ರಿಂಗ್ ಬೂಟ್ 3.1 ಅಥವಾ ಅದರ ನಂತರದ ಆವೃತ್ತಿ ಬಳಸುವವರಿಗೆ ‘ಸರ್ವಿಸ್ ಕನೆಕ್ಷನ್’ ಎಂಬ ಆನೊಟೇಷನ್ ಒಂದೇ ಇದನ್ನು ಮಾಡಿಕೊಡುತ್ತದೆ.

ಲೈಬ್ರರಿಯ ಬದಲು, ಕಂಟೇನರ್‌ಗಳನ್ನು ಒಟ್ಟಿಗೆ ಓಡಿಸುವ ಡಾಕರ್ ಕಂಪೋಸ್ ಫೈಲನ್ನು ಕೈಯಾರೆ ಬರೆಯುವವರು ಸಾಮಾನ್ಯವಾಗಿ ಎಡವುವುದು ‘ಅಡ್ವರ್ಟೈಸ್ಡ್ ಲಿಸನರ್ಸ್’ ಎಂಬ ಸೆಟ್ಟಿಂಗ್‌ನಲ್ಲಿ. ಕಾಫ್ಕಾ ಕ್ಲೈಂಟ್ (ಸಂದೇಶ ಕಳುಹಿಸುವ ಅಥವಾ ಓದುವ ಪ್ರೋಗ್ರಾಂ) ಮೊದಲು ನಾವು ಕೊಟ್ಟ ವಿಳಾಸಕ್ಕೆ ಹೋಗುತ್ತದೆ; ಬ್ರೋಕರ್ ಆಗ ‘ನನ್ನ ವಿಳಾಸ ಇದು’ ಎಂದು ಏನನ್ನು ಹೇಳುತ್ತದೆಯೋ ಕ್ಲೈಂಟ್ ಮುಂದಿನ ಸಂಪರ್ಕಕ್ಕೆ ಅದನ್ನೇ ನೆಚ್ಚಿಕೊಳ್ಳುತ್ತದೆ. ಬ್ರೋಕರ್ ಹೇಳಿದ್ದು ಕಂಟೇನರ್‌ನ ಒಳಗಷ್ಟೇ ಗೊತ್ತಿರುವ ಹೆಸರಾಗಿದ್ದರೆ, ಮೊದಲ ಸಂಪರ್ಕ ಸರಾಗವಾಗಿ ಆಗಿ, ಸಂದೇಶ ಕಳುಹಿಸುವಾಗ ಮಾತ್ರ ಟೈಮ್‌ಔಟ್ ಬರುತ್ತದೆ. ನಮ್ಮ ಯಂತ್ರದಿಂದ ಬರುವವರಿಗೊಂದು, ಉಳಿದ ಕಂಟೇನರ್‌ಗಳಿಗೊಂದು ಎಂದು ಎರಡು ಲಿಸನರ್ (ಸಂಪರ್ಕ ಸ್ವೀಕರಿಸುವ ವಿಳಾಸ) ಇಟ್ಟರೆ ಈ ತೊಡಕು ಇರುವುದಿಲ್ಲ. ಬ್ರೋಕರ್ ಒಂದೇ ಇರುವುದರಿಂದ, ಮೂಲದಲ್ಲಿ 3 ಇರುವ ಆಫ್‌ಸೆಟ್ ಟಾಪಿಕ್‌ನ (ಆಫ್‌ಸೆಟ್‌ಗಳನ್ನು ಇಡುವ ಟಾಪಿಕ್) ರೆಪ್ಲಿಕೇಷನ್ ಫ್ಯಾಕ್ಟರನ್ನು, ಅಂದರೆ ಪ್ರತಿಗಳ ಸಂಖ್ಯೆಯನ್ನು, 1ಕ್ಕೆ ಇಳಿಸಲೇಬೇಕು. ಸಂದೇಶ ಓದುವ ಕನ್ಸ್ಯೂಮರ್‌ಗಳ ಗುಂಪು ಮೊದಲ ಬಾರಿ ಸೇರುವಾಗಿನ 3 ಸೆಕೆಂಡಿನ ವಿಳಂಬವನ್ನು 0 ಮಾಡಿದರೆ ಸಮಯವೂ ಉಳಿಯುತ್ತದೆ.

ಬ್ರೋಕರ್ ಎಬ್ಬಿಸುವುದಕ್ಕಿಂತ ಟೆಸ್ಟ್‌ಗಳನ್ನು ನಂಬಲರ್ಹವಾಗಿಸುವುದು ಕಷ್ಟದ ಕೆಲಸ. ಹೊಸ ಗುಂಪಿನ ಕನ್ಸ್ಯೂಮರ್ ಎಲ್ಲಿಂದ ಓದಬೇಕೆನ್ನುವ ಸೆಟ್ಟಿಂಗ್ ಮೂಲದಲ್ಲಿ ‘ಲೇಟೆಸ್ಟ್’ (ಇನ್ನು ಮುಂದೆ ಬರುವವನ್ನು ಮಾತ್ರ) ಆಗಿರುತ್ತದೆ. ಕನ್ಸ್ಯೂಮರ್ ಸಿದ್ಧವಾಗುವ ಮೊದಲೇ ಕಳುಹಿಸಿದ ಸಂದೇಶ ಅದಕ್ಕೆ ಕಾಣುವುದೇ ಇಲ್ಲ. ಬೆಳಿಗ್ಗೆ ಪಾಸಾಗಿ ಮಧ್ಯಾಹ್ನ ಫೇಲಾಗುವ ಟೆಸ್ಟ್‌ಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ. ಟೆಸ್ಟ್‌ಗಳಲ್ಲಿ ಅದನ್ನು ‘ಅರ್ಲಿಯೆಸ್ಟ್’ (ಮೊದಲಿನಿಂದ) ಎಂದು ಬದಲಿಸಿ, ಒಂದರ ಸಂದೇಶ ಇನ್ನೊಂದಕ್ಕೆ ಸಿಗದಂತೆ ಪ್ರತಿ ಟೆಸ್ಟ್‌ಗೂ ಟಾಪಿಕ್ ಮತ್ತು ಗುಂಪಿನ ಹೆಸರನ್ನು ಬೇರೆ ಬೇರೆ ಇಡಬೇಕು.

ಸಂದೇಶ ತಲುಪಲೆಂದು ಐದು ಸೆಕೆಂಡ್ ‘ಸ್ಲೀಪ್’ ಹಾಕುವ ಅಭ್ಯಾಸವನ್ನು ಬಿಡಬೇಕು. ಅವೇಟಿಲಿಟಿಯಂತಹ ಲೈಬ್ರರಿ ಬಳಸಿ, ದಾಸ್ತಾನಿನ ಲೆಕ್ಕ ಇಳಿದಿದೆಯೇ ಎಂದು 200 ಮಿಲಿಸೆಕೆಂಡಿಗೊಮ್ಮೆ ನೋಡುತ್ತಾ, ಹೆಚ್ಚೆಂದರೆ 10 ಸೆಕೆಂಡ್ ಕಾಯುವಂತೆ ಬರೆದರೆ, ವೇಗದ ಯಂತ್ರದಲ್ಲಿ ಟೆಸ್ಟ್ ಬೇಗ ಮುಗಿಯುತ್ತದೆ, ನಿಧಾನದ ಯಂತ್ರದಲ್ಲಿಯೂ ವಿನಾಕಾರಣ ಸೋಲುವುದಿಲ್ಲ. ‘ರದ್ದಾದ ಆರ್ಡರ್‌ನಿಂದ ದಾಸ್ತಾನು ಬದಲಾಗಬಾರದು’ ಎಂಬಂತಹ, ಏನೂ ಆಗಲಿಲ್ಲವೆಂದು ತೋರಿಸಬೇಕಾದ ಟೆಸ್ಟ್‌ಗಳಿಗೆ ಇದು ಸಾಲದು, ಏಕೆಂದರೆ ಎಷ್ಟು ಹೊತ್ತು ಕಾದರೆ ಸಾಕೆಂದು ಹೇಳಲಾಗದು. ಅಲ್ಲಿ ರದ್ದಾದ ಆರ್ಡರ್‌ನ ಬೆನ್ನಿಗೇ, ಅದೇ ಕೀ (ಸಂದೇಶ ಯಾವ ಪಾರ್ಟಿಷನ್‌ಗೆ ಹೋಗಬೇಕೆಂದು ನಿರ್ಧರಿಸುವ ಗುರುತು) ಇರುವ ಸಾಮಾನ್ಯ ಆರ್ಡರ್ ಒಂದನ್ನು ಕಳುಹಿಸಬೇಕು. ಒಂದೇ ಕೀ ಇರುವ ಸಂದೇಶಗಳು ಒಂದೇ ಪಾರ್ಟಿಷನ್‌ಗೆ ಹೋಗಿ ಬರೆದ ಕ್ರಮದಲ್ಲಿಯೇ ಓದಿಸಿಕೊಳ್ಳುವುದರಿಂದ, ಕನ್ಸ್ಯೂಮರ್ ಅವನ್ನು ಒಂದಾದ ಮೇಲೊಂದರಂತೆ ನಿರ್ವಹಿಸುತ್ತಿದ್ದರೆ, ಎರಡನೆಯದರ ಪರಿಣಾಮ ಕಂಡಾಗ ಮೊದಲನೆಯದರ ಕೆಲಸ ಮುಗಿದಿದೆಯೆಂದೇ ಅರ್ಥ.

ಒಂದೇ ಸಂದೇಶವನ್ನು ಎರಡು ಬಾರಿ ಕಳುಹಿಸಿ ಲೆಕ್ಕ ಒಮ್ಮೆ ಮಾತ್ರ ಇಳಿಯಿತೇ ಎಂದು ನೋಡುವ ಟೆಸ್ಟನ್ನೂ ಬರೆಯಬೇಕು. ಏಕೆಂದರೆ ಆಫ್‌ಸೆಟ್ ಕಮಿಟ್ ಆಗುವ ಮೊದಲೇ ಕನ್ಸ್ಯೂಮರ್ ಸತ್ತರೆ ಮರುಓದು ಖಂಡಿತ. ಕೋಡ್ ಬದಲಾದಾಗಲೆಲ್ಲ ಟೆಸ್ಟ್‌ಗಳನ್ನು ತಾನೇ ಓಡಿಸುವ ಸಿಐ ಯಂತ್ರದಲ್ಲಿ ಡಾಕರ್ ಲಭ್ಯವಿದೆಯೇ ಎಂದು ಮೊದಲೇ ಖಚಿತಪಡಿಸಿಕೊಂಡು, ಟೆಸ್ಟ್ ಫೇಲಾದಾಗ ಕಂಟೇನರ್ ಅಳಿಯುವ ಮುನ್ನ ಬ್ರೋಕರ್‌ನ ಲಾಗ್ ಬೇರೆಡೆ ಉಳಿಯುವಂತೆ ವ್ಯವಸ್ಥೆ ಮಾಡಬೇಕು.