ಉಪ್ಪು ಗಾಳಿ ತಿಂದ ಮೋಟರ್‌ಗೆ ಹೊಸ ಬೇರಿಂಗ್

ಕಾರವಾರದ ಬೀಚಿನಲ್ಲಿ ಡ್ರೋನ್ ಹಾರಿಸಿದರೆ ಮೋಟರ್ ಬೇರಿಂಗ್ (ಸಲೀಸಾಗಿ ತಿರುಗಲು ಒಳಗೆ ಗುಂಡುಗಳಿರುವ ರಿಂಗ್) ಬೇಗ ಹೋಗುತ್ತದೆ. ಉಪ್ಪು ಗಾಳಿಯ ಜೊತೆ ಮರಳೂ ಸೇರಿದರೆ ಮುಗೀತು. ಬ್ಯಾಟರಿ, ಪ್ರೊಪೆಲ್ಲರ್ ಎರಡನ್ನೂ ತೆಗೆದು ಮೋಟರನ್ನು ಬೆರಳಲ್ಲಿ ತಿರುಗಿಸಿ. ಮ್ಯಾಗ್ನೆಟ್ ಎಳೆತಕ್ಕೆ ತಡೆದು ತಡೆದು ತಿರುಗುವುದು ಸಹಜ, ಅದಕ್ಕೆ ಹೆದರಬೇಡಿ. ಕರಕರ ಅಂದರೆ ಅಥವಾ ಶಾಫ್ಟ್ (ಮೋಟರಿನ ನಡುವಿನ ಕಡ್ಡಿ) ಪಕ್ಕಕ್ಕೆ ಅಲುಗಾಡಿದರೆ ಬೇರಿಂಗ್ ಬದಲಿಸಿ.

ಶಾಫ್ಟ್ ತುದಿಯ ಕ್ಲಿಪ್ ತೆಗೆಯುವಾಗ ಮೇಲೆ ಬಟ್ಟೆ ಹಿಡಿಯಿರಿ, ಅದು ಹಾರಿದರೆ ಸಿಗೋದಿಲ್ಲ. ಬೆಲ್ (ಮೋಟರಿನ ತಿರುಗುವ ಹೊರ ಕವಚ) ಬಿಚ್ಚಿದ ಕೂಡಲೇ ಸ್ಪೇಸರ್ (ಅಂತರ ಇಡುವ ಪುಟ್ಟ ಬಳೆ), ವಾಷರ್ ಯಾವ ಕಡೆ ಎಷ್ಟಿದ್ದವು ಅಂತ ಫೋಟೋ ತೆಗೆಯಿರಿ. ಹಳೇ ಬೇರಿಂಗನ್ನು ಹಿಂದಿನಿಂದ ಮೆಲ್ಲಗೆ ತಟ್ಟಿ ಹೊರಗೆ ತನ್ನಿ. ಅದರ ಮೇಲಿನ ನಂಬರ್ ನೋಡಿಯೇ ಹೊಸದು ತರಿಸಿ: 683 ಅಂದರೆ ಒಳಗೆ 3 ಮಿ.ಮೀ., ಹೊರಗೆ 7 ಮಿ.ಮೀ.

ಕೂರಿಸುವಾಗ ಹೊರಗಿನ ರಿಂಗ್ ಮೇಲೆ ಮಾತ್ರ ಒತ್ತಿ. ಒಳರಿಂಗ್ ಒತ್ತಿದರೆ ಭಾರವೆಲ್ಲ ಗುಂಡುಗಳ ಮೇಲೆ ಬಿದ್ದು ಹೊಸ ಬೇರಿಂಗೂ ಹಾಳಾಗುತ್ತದೆ. ಸ್ಪೇಸರ್ ಮಾತ್ರ ಒಳರಿಂಗಿಗಷ್ಟೇ ತಾಗಬೇಕು, ಬೇರಿಂಗಿನ ಪಕ್ಕ ಮುಚ್ಚುವ ತಗಡಿಗೆ (ಶೀಲ್ಡ್) ಉಜ್ಜಬಾರದು. ಕ್ಲಿಪ್ ಹಾಕಿದ ಮೇಲೆ ಶಾಫ್ಟ್ ಮೇಲೆ ಕೆಳಗೆ ಕೂದಲೆಳೆಯಷ್ಟು ಆಡಲಿ. ಬಿಗಿಯಾಗಿದ್ದರೆ ಇದ್ದ ವಾಷರ್ ಬದಲು ತೆಳುವಾದದ್ದು ಹಾಕಿ. ಪ್ರೊಪೆಲ್ಲರ್ ಇಲ್ಲದೆ ಒಮ್ಮೆ ಓಡಿಸಿ, ಶಬ್ದ ಒಂದೇ ಸಮ ಇದೆಯಾ ಅಂತ ಕೇಳಿಸಿಕೊಳ್ಳಿ.